ಎಡಗೈಗೆ ಎಲ್ಲಾ ಗೊತ್ತು

ಬಲಗೈ ಕೊಟ್ಟ ದಾನ ಎಡಗೈಗೆ ತಿಳಿಯಬಾರದೆಂಬ ಉಪದೇಶ ಬೈಬಲ್ಲಿನಿಂದ ಹೊರಟು ನಮ್ಮ ಸನ್ಮಾನ ಸಭೆಗಳಲ್ಲಿ ಕಾಯಂ ಠಿಕಾಣಿ ಹೂಡಿದೆ. ನೀತಿಯೇನೋ ಒಳ್ಳೆಯದೇ, ಶರೀರಕ್ಕೆ ಮಾತ್ರ ಒಗ್ಗುವುದಿಲ್ಲ. ಎರಡು ಕೈಗಳದ್ದು ಅವಿಭಕ್ತ ಕುಟುಂಬ. ಬಲಗೈಯ ಯಜಮಾನಿಕೆ ಮುಖ್ಯವಾಗಿ ಮಿದುಳಿನ ಎಡಭಾಗದ್ದು, ಎಡಗೈಯದು ಬಲಭಾಗದ್ದು ಎಂಬುದು ನಿಜ. ಆದರೆ ನಡುವೆ ಸುಮಾರು 20 ಕೋಟಿ ನರತಂತುಗಳ ಸೇತುವೆಯಿದೆ. ಇಷ್ಟು ತಂತಿ ಎಳೆದ ಮನೆಯಲ್ಲಿ ಗುಟ್ಟು ಉಳಿಯುವುದುಂಟೆ? ಅನುಮಾನವಿದ್ದರೆ ಎರಡೂ ತೋರುಬೆರಳುಗಳನ್ನು ಕಾರಿನ ವೈಪರಿನಂತೆ ಒಂದೇ ದಿಕ್ಕಿಗೆ ಆಡಿಸುತ್ತ ವೇಗ ಹೆಚ್ಚಿಸಿ. ಒಂದು ಹಂತದಲ್ಲಿ ಅವು ನಿಮ್ಮ ಅಪ್ಪಣೆಗೂ ಕಾಯದೆ ಬಿಂಬ ಪ್ರತಿಬಿಂಬದಂತೆ ಒಟ್ಟಿಗೆ ಒಳಗೆ, ಒಟ್ಟಿಗೆ ಹೊರಗೆ ಆಡತೊಡಗುತ್ತವೆ. 1980ರ ದಶಕದಲ್ಲಿ ಇದನ್ನು ಅಳೆದ ವಿಜ್ಞಾನಿ ಸ್ಕಾಟ್ ಕೆಲ್ಸೋ ಇನ್ನೊಂದು ಮೊಂಡಾಟವನ್ನೂ ಕಂಡರು: ವೇಗ ತಗ್ಗಿಸಿದರೂ ಬೆರಳುಗಳು ಹಳೆಯ ಚಾಲಿಗೆ ತಾವಾಗಿ ಮರಳುವುದಿಲ್ಲ.

ಹಾಗಾದರೆ ತಬಲಾದವರ ಗತಿಯೇನು ಎಂದು ನೀವು ಕೇಳಬಹುದು. ಅವರು ಕೈಗಳನ್ನು ಬೇರ್ಪಡಿಸಿಲ್ಲ, ಇನ್ನಷ್ಟು ಬಿಗಿಯಾಗಿ ಹೆಣೆದಿದ್ದಾರೆ. ‘ಧಾ’ ಎಂಬ ಬೋಲಿನಲ್ಲಿ ಎರಡೂ ಕೈಗಳ ಪೆಟ್ಟು ಸೇರಿ ಒಂದೇ ಅಕ್ಷರವಾಗುತ್ತದೆ. ಮೊಸರು ಕಡೆಯುವ ಕೈಗಳು ಒಂದು ಹಿಂದೆ ಒಂದು ಮುಂದೆ ಹೋಗುತ್ತವಲ್ಲ ಎಂದರೆ, ಅಲ್ಲಿ ಹಗ್ಗವೇ ಪಂಚಾಯಿತಿ ಮಾಡುತ್ತದೆ. ಹಾಗಾದರೆ ಸೇತುವೆಯನ್ನೇ ಕತ್ತರಿಸಿದರೆ? ತೀವ್ರ ಅಪಸ್ಮಾರದ ಚಿಕಿತ್ಸೆಗಾಗಿ ಹಾಗೆ ಮಾಡಿಸಿಕೊಂಡವರಿದ್ದಾರೆ. ಒಂದು ಕೈಗೆ ಒಂದು ಆಕೃತಿ, ಇನ್ನೊಂದಕ್ಕೆ ಇನ್ನೊಂದು ಎಂದು ಬರೆಯಲು ಕೊಟ್ಟರೆ ನಮ್ಮ ನಿಮ್ಮ ಕೈಗಳು ತಡವರಿಸುತ್ತವೆ. 1996ರ ಅಧ್ಯಯನವೊಂದರಲ್ಲಿ ಸೇತುವೆ ಕತ್ತರಿಸಿಕೊಂಡವರು ಸಲೀಸಾಗಿ ಬರೆದರು. ಆದರೂ ಅವರ ಕೈಗಳ ಕಾಲಗತಿ ಜೊತೆಜೊತೆಯಾಗಿಯೇ ಇತ್ತು. ಪಾಲಾದ ಅಣ್ಣತಮ್ಮಂದಿರು ಒಂದೇ ಬಾವಿಯಲ್ಲಿ ನೀರು ಸೇದಿದ ಹಾಗೆ.

ಇಂಥ ತಂಟೆಕೋರ ನಂಟಿನಿಂದ ಲಾಭವೇನು ಎನ್ನುವವರಿಗೂ ಉತ್ತರವಿದೆ. 1894ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಒಂದೇ ಕೈಗೆ ಹಿಂಡುವ ಕಸರತ್ತು ಕೊಟ್ಟು ನೋಡಿದಾಗ, ಸುಮ್ಮನೆ ಕುಳಿತಿದ್ದ ಇನ್ನೊಂದು ಕೈಯ ಬಲವೂ ಹೆಚ್ಚಿತ್ತು. ದುಡಿಯುವ ಅಣ್ಣ, ಮೈ ಬೆಳೆಸುವ ತಮ್ಮ! ಬೈಬಲ್ಲಿನ ಗುಟ್ಟನ್ನು ಹೀಗೆ ರಟ್ಟು ಮಾಡಿದ ಪ್ರಾಧ್ಯಾಪಕರ ಹೆಸರು, ತಮಾಷೆಯಲ್ಲ, ಎಡ್ವರ್ಡ್ ಸ್ಕ್ರಿಪ್ಚರ್. ಸ್ಕ್ರಿಪ್ಚರ್ ಎಂದರೆ ಧರ್ಮಗ್ರಂಥ. ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರು ಸರಿಯಿರುವ ಕೈಗೆ ವ್ಯಾಯಾಮ ಕೊಡಬಹುದೇ ಎಂದು ಫಿಸಿಯೋಥೆರಪಿಸ್ಟರನ್ನು ಒಮ್ಮೆ ಕೇಳಿ ನೋಡಿ.