ಯಾವ ವಿಧಿ ಪ್ರಕಾರ?

ಈ ದೇಶದ ಪ್ರತಿ ಅಪಾರ್ಟ್‌ಮೆಂಟಿಗೂ ಒಬ್ಬ ಸಂವಿಧಾನತಜ್ಞ ಮಂಜೂರಾಗಿರುತ್ತಾನೆ. ಜನರೇಟರು ಇಲ್ಲದ ಕಟ್ಟಡವನ್ನು ನಾನು ನೋಡಿದ್ದೇನೆ, ಇವನಿಲ್ಲದ್ದನ್ನು ನೋಡಿಲ್ಲ. ಸಾಮಾನ್ಯವಾಗಿ ನಿವೃತ್ತರು. ಬೆಳಿಗ್ಗೆ ಆರರೊಳಗೆ ಪೇಪರು ಓದಿ, ಬಿಪಿ ಮಾತ್ರೆ ನುಂಗಿ, ಮನೆಯಲ್ಲಿ ಯಾರೂ ತಮ್ಮ ಮಾತಿಗೆ ಕಿವಿ ಕೊಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಕೆಳಗಿಳಿಯುತ್ತಾರೆ. ರಾಜ್ಯಪಾಲರ ಅಧಿಕಾರ, ಚೋಳರ ನೌಕಾಬಲ, ನೆಹರೂ ಮಾಡಿದ ತಪ್ಪು, ಪಟೇಲರು ಮಾಡಬಹುದಾಗಿದ್ದ ಒಪ್ಪು, ಯಾವುದನ್ನು ಎತ್ತಿದರೂ ತೀರ್ಪು ಸಿದ್ಧ. ಇಂಥವರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಸಂವಿಧಾನವನ್ನು ಬಿಚ್ಚಿ ನೋಡಿದವರಲ್ಲ, ಹಾಗಾಗಿ ಅಪಾಯವಿಲ್ಲ. ಚೆನ್ನೈಯ ಶೋಳಿಂಗನಲ್ಲೂರಿನಲ್ಲಿ ನಮ್ಮ ಪಾಲಿಗೆ ಬಂದವರು ಆ ನೂರನೆಯವರು.

ಅವರ ಹೆಸರು ಬೇಡ. ತಮಿಳು ಮಕ್ಕಳು ‘ಆರ್ಟಿಕಲ್ ತಾತಾ’ ಎನ್ನುತ್ತವೆ. ನಾನು ಎದುರಿಗೆ ‘ರಾಯರೇ’ ಎನ್ನುತ್ತೇನೆ, ಬೆನ್ನ ಹಿಂದೆ ಏನೆನ್ನುತ್ತೇನೆಂಬುದು ನನ್ನ ಹೆಂಡತಿಗೆ ಗೊತ್ತು. ಸಾಗರದ ಕಡೆಯವರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. ಮಗನಿಗೆ ಓಎಂಆರ್ ರಸ್ತೆಯ ಗಾಜಿನ ಕಟ್ಟಡವೊಂದರಲ್ಲಿ ಕೆಲಸವಾದ್ದರಿಂದ ಇಲ್ಲಿಗೆ ಬಂದರು. ಅಂಗಿಯ ಜೇಬಿನಲ್ಲಿ ಕೈಯಗಲದ ಸಂವಿಧಾನ, ಅದರೊಳಗೆ ಗುರುತಿಗೆ ಹಳೆಯ ಬಸ್ ಟಿಕೆಟ್ಟುಗಳು, ಅಂಚಿನಲ್ಲೆಲ್ಲ ಬ್ಯಾಂಕಿನ ಕಾಲದ ಕೆಂಪು ಪೆನ್ಸಿಲ್ಲಿನ ಟಿಕ್ಕುಗಳು. ನಮ್ಮ ಬ್ಲಾಕಿನಲ್ಲಿ ಕನ್ನಡ ಬಲ್ಲ ಕಿವಿಗಳು ಇರುವುದು ನನ್ನ ತಲೆಗೆ ಮಾತ್ರ. ಇದು ನನ್ನ ಜಾತಕ.

ಅವರ ಆಯುಧ ಒಂದೇ ಪ್ರಶ್ನೆ. ಮೆಟ್ರೋ ಕಾಮಗಾರಿಗೆ ರಸ್ತೆ ಅಗೆದಿರುವುದರಿಂದ ಜಂಕ್ಷನ್ ದಾಟಲು ಮುಕ್ಕಾಲು ಗಂಟೆ ಒದ್ದಾಡಿ ಬಂದಿರುತ್ತೇನೆ. ಮೇಲೆ ಬಂದರೆ ನೀರಿನ ಟ್ಯಾಂಕರೂ ಬಂದಿರುವುದಿಲ್ಲ. “ಅನ್ಯಾಯ ರಾಯರೇ ಇದು” ಎಂದು ಲಿಫ್ಟಿನ ಮುಂದೆ ಗೊಣಗಿದೆನೆಂದರೆ ಮುಗಿಯಿತು. “ಅನ್ಯಾಯ, ಒಪ್ಪಿದೆ ಮಾರಾಯ್ರೇ. ಯಾವ ವಿಧಿ ಪ್ರಕಾರ?” ವಿಧಿ ಗೊತ್ತಿಲ್ಲದವನಿಗೆ ಸಿಟ್ಟು ಮಾಡುವ ಹಕ್ಕಿಲ್ಲವೆಂಬುದು ಅವರ ನಂಬಿಕೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದರಲ್ಲ, ಆ ತೀರ್ಪಿನ ಸಾರವನ್ನು ರಾಯರು ನನಗೆ ವಿವರಿಸಿದ್ದು ಬೆಳಿಗ್ಗೆ ಆರೂವರೆಗೆ, ನನ್ನ ಮನೆಯ ಬಾಗಿಲು ಬಡಿದು, ನಾನು ಬನಿಯನ್ನಿನಲ್ಲಿ ಹಲ್ಲುಜ್ಜುತ್ತಿದ್ದಾಗ.

ಹಾಗಂತ ಅವರ ಲೆಕ್ಕ ತಪ್ಪಿದ್ದನ್ನು ಕಂಡಿಲ್ಲ. “ನಾನು ಪೂರ್ತಿ ನಾಗರಿಕ ಅಲ್ಲ ಕಣ್ರೀ, ಕಾಲು ನಾಗರಿಕ” ಎಂದರು ಒಮ್ಮೆ. ಮಂಡಿ ನೋವಿನ ವಿಷಯ ಇರಬೇಕೆಂದುಕೊಂಡೆ. ಅಲ್ಲ. ಶೋಳಿಂಗನಲ್ಲೂರ್ ವಿಧಾನಸಭಾ ಕ್ಷೇತ್ರದಲ್ಲಿ 2021ರ ಚುನಾವಣೆಗೆ ಸುಮಾರು ಏಳು ಲಕ್ಷ ಮತದಾರರು, ತಮಿಳುನಾಡಿನಲ್ಲೇ ಅತಿ ಹೆಚ್ಚು. ಇದೇ ಚೆನ್ನೈಯ ಹಾರ್ಬರ್ ಕ್ಷೇತ್ರದಲ್ಲಿ ಎರಡು ಲಕ್ಷವೂ ಇರಲಿಲ್ಲ. ಅಲ್ಲಿಗೂ ಒಬ್ಬ ಶಾಸಕ, ಇಲ್ಲಿಗೂ ಒಬ್ಬ. ಕ್ಷೇತ್ರದ ಗಡಿ ಎಳೆದದ್ದು 2001ರ ಜನಗಣತಿ ಹಿಡಿದು, ಐಟಿ ಕಂಪನಿಗಳೂ ಅವುಗಳ ಹಿಂದೆ ನಮ್ಮಂಥವರೂ ಬಂದು ತುಂಬಿಕೊಂಡದ್ದು ಬಹುಪಾಲು ಆಮೇಲೆ. “ಹಾರ್ಬರಿನ ಒಬ್ಬ ಮತದಾರನಿಗೆ ಸಮ ಆಗಬೇಕಾದರೆ ನಾನು, ನನ್ನ ಮಗ, ನೀವು, ನಿಮ್ಮ ಮನೆಯವರು ನಾಲ್ವರೂ ಒಟ್ಟಿಗೆ ಹೋಗಿ ಬಟನ್ ಒತ್ತಬೇಕು” ಎಂದರು. ಹೆಂಡತಿ ಯಾರಿಗೆ ಒತ್ತುತ್ತಾಳೋ ನನಗೆ ಗೊತ್ತಿಲ್ಲದ್ದರಿಂದ ಸುಮ್ಮನಿದ್ದೆ.

ಸಂಜೆ ಐದೂವರೆಗೆ ಬೇವಿನ ಮರದ ಕೆಳಗಿನ ಕಲ್ಲುಬೆಂಚಿನಲ್ಲಿ ಸಭೆ. ಎದುರಾಳಿ ತಮಿಳುನಾಡಿನ ಲೋಕೋಪಯೋಗಿ ಇಲಾಖೆಯ ನಿವೃತ್ತ ಎಂಜಿನಿಯರು, ಜೊತೆಗೆ ನೌಕಾಪಡೆಯಲ್ಲಿದ್ದ ತೆಲುಗಿನವರೊಬ್ಬರು, ಪಾಲಕ್ಕಾಡಿನ ಮೇಷ್ಟ್ರು. ಕಾವೇರಿ ಮಾತು ಬಂದರೆ ಬೆಂಚು ಎರಡಾಗುತ್ತದೆ. ಅದಕ್ಕೇ ಅವರು ಇನ್ನೊಂದು ಆಟ ಹಚ್ಚಿಕೊಂಡಿದ್ದಾರೆ: ಸಂವಿಧಾನಕ್ಕೆ ಯಾರ ಊರಿನ ಕೊಡುಗೆ ದೊಡ್ಡದು? ಎಂಜಿನಿಯರು ಮೊದಲ ಪಟ್ಟು ಹಾಕುತ್ತಾರೆ. ಎ. ಕೆ. ಗೋಪಾಲನ್, ರೊಮೇಶ್ ಥಾಪರ್, ಚಂಪಕಂ ದೊರೈರಾಜನ್, ಮೂರೂ ಮದ್ರಾಸ್ ಸರ್ಕಾರದ ಮೇಲೆ ಬಂದ ಕೇಸುಗಳು. 1951ರಲ್ಲಿ ಸಂವಿಧಾನಕ್ಕೆ ಮೊದಲನೇ ತಿದ್ದುಪಡಿ ತರುವ ಪ್ರಮೇಯ ಬಂದದ್ದಕ್ಕೆ ಚಂಪಕಂ ಗೆದ್ದದ್ದೂ ಒಂದು ಕಾರಣ. ನಮ್ಮ ರಾಯರು ಎಲೆ ಅಡಿಕೆ ನಿಧಾನವಾಗಿ ಅಗಿದು, ಮೈಸೂರು ರಾಜ್ಯದ ಮೇಲಿನ ಬಾಲಾಜಿ ಕೇಸು ಇಳಿಸುತ್ತಾರೆ, ಮೀಸಲಾತಿಗೆ ಶೇಕಡ 50ರ ಮಿತಿ ಹುಟ್ಟಿದ್ದು ಅಲ್ಲಿ. ಆಮೇಲೆ ಬೊಮ್ಮಾಯಿ. 1989ರಲ್ಲಿ ವಜಾ ಆದ ಸರ್ಕಾರ, 1994ರಲ್ಲಿ ತೀರ್ಪು. ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದ ಕೋಣೆಯಲ್ಲಲ್ಲ, ಸದನದಲ್ಲಿ ತೀರ್ಮಾನವಾಗಬೇಕು. “ನಿಮ್ಮ ಡಿಎಂಕೆ ಸರ್ಕಾರನ ಎರಡು ಸಲ ಮನೆಗೆ ಕಳಿಸಿದಾಗ ನೀವು ಏನು ಮಾಡಿದಿರಿ? ನಮ್ಮವರು ಕೋರ್ಟಿಗೆ ಹೋದರು ನೋಡಿ” ಎನ್ನುವಾಗ ರಾಯರ ಮುಖದಲ್ಲಿ ರಣಜಿ ಗೆದ್ದ ಕಳೆ.

ಕೊನೆಯ ಎಲೆ ಕೇಶವಾನಂದ ಭಾರತಿ. 1973ರ ಏಪ್ರಿಲ್ 24, ಹದಿಮೂರು ನ್ಯಾಯಮೂರ್ತಿಗಳು, ಏಳಕ್ಕೆ ಆರು. ಸಂಸತ್ತು ಏನನ್ನಾದರೂ ತಿದ್ದಬಹುದು, ಮೂಲ ರಚನೆಯನ್ನು ಕೆಡಿಸುವಂತಿಲ್ಲ. “ನಮ್ಮ ಎಡನೀರು ಮಠದ ಸ್ವಾಮಿಗಳು. ಯಕ್ಷಗಾನದಲ್ಲಿ ಭಾಗವತಿಕೆ ಮಾಡ್ತಿದ್ದರು” ಎನ್ನುವಷ್ಟರಲ್ಲಿ ಪಾಲಕ್ಕಾಡಿನ ಮೇಷ್ಟ್ರು ಎದ್ದು ನಿಲ್ಲುತ್ತಾರೆ. “ನಿಮ್ಮ ಸ್ವಾಮಿ ಹೇಗೆ? ಕೇಸು ನಡೆದದ್ದು ಕೇರಳ ಸರ್ಕಾರದ ಮೇಲೆ, ಮಠ ಇರುವುದು ಕಾಸರಗೋಡಿನಲ್ಲಿ.” ರಾಯರು 1956ಕ್ಕೆ ಹೋಗಿ, ಮಹಾಜನ ಆಯೋಗದ ವರದಿ ಹಿಡಿದು, ಚಂದ್ರಗಿರಿ ಹೊಳೆಯ ಉತ್ತರ ದಂಡೆಯಲ್ಲಿ ನಿಂತು ಕೂಗಾಡುತ್ತಾರೆ. ಸ್ವಾಮಿಗಳು ಹೋಗಿದ್ದು ಮಠದ ಭೂಮಿಗಾಗಿ, ಆ ಭೂಮಿಯ ವಿಷಯದಲ್ಲಿ ಅವರು ಗೆಲ್ಲಲಿಲ್ಲ ಎಂಬುದನ್ನು ಮಾತ್ರ ಗಲಾಟೆಯಲ್ಲಿ ಇಬ್ಬರೂ ಮರೆಯುತ್ತಾರೆ. ಕರಡು ಸಮಿತಿಯಲ್ಲಿ ಮದರಾಸಿನ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಇದ್ದರೆಂದು ಎಂಜಿನಿಯರು ಎದೆ ತಟ್ಟಿಕೊಂಡರೆ, ಅವರು ಹುಟ್ಟಿದ್ದು ನೆಲ್ಲೂರು ಜಿಲ್ಲೆಯಲ್ಲೆಂದು ನೌಕಾಪಡೆಯವರು ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ. ಸಾಂವಿಧಾನಿಕ ಸಲಹೆಗಾರ ಬೆನಗಲ್ ನರಸಿಂಗರಾಯರು ಕರಾವಳಿಯವರೆಂಬುದನ್ನು ಮಾತ್ರ ಯಾರೂ ಅಲ್ಲಗಳೆಯುವುದಿಲ್ಲ. ಅಷ್ಟರಲ್ಲಿ ಸೊಳ್ಳೆ ಬಂದಿರುತ್ತವೆ.

ಇತಿಹಾಸ ಬಂದರೆ ಬೇಗ ಮುಗಿಯುತ್ತದೆ. ನರಸಿಂಹವರ್ಮ ಬಾದಾಮಿ ಸುಟ್ಟ ಎಂದು ಎಂಜಿನಿಯರು, ನಮ್ಮ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದೂ ಲೂಟಿ ಮಾಡದೆ, ಕೈಲಾಸನಾಥ ದೇವಸ್ಥಾನದ ಸಂಪತ್ತನ್ನು ದೇವರಿಗೇ ಬಿಟ್ಟು ಅಲ್ಲಿ ಕನ್ನಡದಲ್ಲಿ ಶಾಸನ ಹಾಕಿಸಿದ ಎಂದು ರಾಯರು. ಎಂಜಿನಿಯರು ಆ ಶಾಸನ ನೋಡಿ ಬಂದವರೇ, ಹಾಗಾಗಿ ಮಾತು ಮುಂದಕ್ಕೆ ಹೋಗದು.

ನಾಯಕರ ವಿಷಯದಲ್ಲಿ ರಾಯರು ಯಾರಿಗೂ ಬೇಡದವರು. ಅವರ ಪಕ್ಷ ಯಾವುದೆಂದು ಬೆಂಚಿನವರಿಗೆ ಇನ್ನೂ ಪತ್ತೆಯಾಗಿಲ್ಲ. 1949ರ ನವೆಂಬರ್ 25ರಂದು ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ, ಧರ್ಮದಲ್ಲಿ ಭಕ್ತಿ ಮೋಕ್ಷಕ್ಕೆ ದಾರಿಯಾದೀತು, ರಾಜಕೀಯದಲ್ಲಿ ಅದು ಸರ್ವಾಧಿಕಾರಕ್ಕೆ ದಾರಿ ಎಂದು ಎಚ್ಚರಿಸಿದ್ದರಲ್ಲ, ಅದರ ಸಾಗರದ ಆವೃತ್ತಿ ಇವರದು: “ದೇವರ ಮುಂದೆ ಅಡ್ಡ ಬೀಳಿ. ನಾಯಕನ ಮುಂದೆ ಕುರ್ಚಿ ಹಾಕ್ಕೊಂಡು ಕೂತು ಲೆಕ್ಕ ಕೇಳಿ.” ದೆಹಲಿ ಬೆಂಗಳೂರುಗಳ ನಾಯಕರು ಕೈಗೆ ಸಿಗುವುದಿಲ್ಲ. ಆದ್ದರಿಂದ ಈ ತತ್ವದ ಪ್ರಯೋಗವೆಲ್ಲ ನಮ್ಮ ಅಸೋಸಿಯೇಷನ್ ಕಾರ್ಯದರ್ಶಿಯ ಮೇಲೆ. ಪಾಪ, ಒಳ್ಳೆಯ ಹುಡುಗ, ಸಾಫ್ಟ್‌ವೇರಿನವನು.

ಕಳೆದ ವಾರ್ಷಿಕ ಮಹಾಸಭೆಯಲ್ಲಿ ಆದದ್ದನ್ನು ಹೇಳದೆ ಬಿಡಲಾರೆ. ಕ್ಲಬ್ ಹೌಸಿನಲ್ಲಿ ಸಭೆ, ಹಿಂದಿನ ಮೇಜಿನ ಮೇಲೆ ಸಮೋಸ. ಟ್ಯಾಂಕರ್ ನೀರಿನ ಬಿಲ್ಲು ಮುಗಿದು, ಪೇಂಟಿನ ಜಗಳ ಮುಗಿದು, ‘ಮನೆಗೆಲಸದವರು ಮತ್ತು ಡೆಲಿವರಿಯವರು ಸರ್ವೀಸ್ ಲಿಫ್ಟ್ ಮಾತ್ರ ಬಳಸತಕ್ಕದ್ದು’ ಎಂಬ ಠರಾವನ್ನು ಕಾರ್ಯದರ್ಶಿ ಓದಿದ. ಮೂರನೇ ಸಾಲಿನಲ್ಲಿ ರಾಯರು ಎದ್ದರು. ಸಭೆ ಒಟ್ಟಾಗಿ ನಿಟ್ಟುಸಿರಿಟ್ಟಿತು.

“ಯಾವ ವಿಧಿ ಪ್ರಕಾರ?”

“ಬೈಲಾ ಪ್ರಕಾರ ಸಾರ್.”

“ಬೈಲಾಕ್ಕಿಂತ ಮೇಲೆ ಒಂದು ಪುಸ್ತಕ ಇದೆ” ಎಂದು ಜೇಬಿಗೆ ಕೈ ಹಾಕಿದರು. 15ನೇ ವಿಧಿಯ ಎರಡನೇ ಖಂಡ ಓದಿದರು. ಬಿ ಬ್ಲಾಕಿನ ಹುಡುಗಿಯೊಬ್ಬಳು, ಹೈಕೋರ್ಟಿನಲ್ಲಿ ವಕೀಲೆ, ಮೆತ್ತಗೆ ಎದ್ದು ನಿಂತಳು. “ಅಂಕಲ್, ಅದರಲ್ಲಿ ಅಂಗಡಿ ಇದೆ, ಹೋಟೆಲ್ ಇದೆ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಇದೆ. ಲಿಫ್ಟ್ ಇಲ್ಲ.” ರಾಯರು ಹಾಳೆ ತಿರುವಿದರು. 14? ಅದು ಪ್ರಭುತ್ವಕ್ಕೆ ಅನ್ವಯ, 12ನೇ ವಿಧಿ ನೋಡಿದರೆ ನಮ್ಮ ಅಸೋಸಿಯೇಷನ್ ಪ್ರಭುತ್ವ ಅಲ್ಲ. ಮತ್ತೆ ತಿರುವಿದರು. ಒಂದು ಬಸ್ ಟಿಕೆಟ್ಟು ಕೆಳಗೆ ಬಿತ್ತು. “17” ಎಂದರು. “ಯಾವ ರೂಪದಲ್ಲಾದರೂ ಆಚರಿಸಕೂಡದು ಅಂತಿದೆ. ಪ್ರಭುತ್ವ ಅಂತ ಇಲ್ಲ ಇಲ್ಲಿ, ಎಲ್ಲರಿಗೂ ಅಂಟುತ್ತೆ.” ವಕೀಲೆ ಬಾಯಿ ತೆರೆದು ಮುಚ್ಚಿದಳು. ಕಾರ್ಯದರ್ಶಿ ಇದು ಅಸ್ಪೃಶ್ಯತೆ ಅಲ್ಲ ಸಾರ್, ರಶ್ ಮ್ಯಾನೇಜ್‌ಮೆಂಟ್ ಎಂದ. ಹಿಂದಿನಿಂದ ಯಾರೋ ಸಮೋಸ ಆರುತ್ತಿದೆ ಎಂದರು. ಕೈ ಎತ್ತಿಸಿದರು. ನನ್ನ ಕೈ ತಲೆ ಕೆರೆಯುವಷ್ಟು ಎತ್ತರಕ್ಕೆ ಏರಿತ್ತು, ಕಾರ್ಯದರ್ಶಿ ಅದನ್ನು ಪರ ಎಂದು ಎಣಿಸಿಕೊಂಡ. ಠರಾವು ಪಾಸಾಯಿತು. ರಾಯರು ಬಗ್ಗಿ ಬಸ್ ಟಿಕೆಟ್ಟು ಹೆಕ್ಕಿಕೊಂಡು, ಸಮೋಸ ಮುಟ್ಟದೆ ಹೋದರು.

ಸಂವಿಧಾನ ಸಭೆಯಲ್ಲೂ ಇಂಥವರು ಇದ್ದರು. ಮಂಗಳೂರಿನಲ್ಲಿ ಹುಟ್ಟಿ ಮಧ್ಯಪ್ರಾಂತ್ಯದಿಂದ ಆರಿಸಿ ಬಂದ ಹರಿ ವಿಷ್ಣು ಕಾಮತರು ಎದ್ದರೆ ಸಭೆಗೆ ದಿಗಿಲು. ಪ್ರಸ್ತಾವನೆ ದೇವರ ಹೆಸರಿನಿಂದ ಶುರುವಾಗಬೇಕೆಂದು 1949ರ ಅಕ್ಟೋಬರ್ 17ರಂದು ಹಟ ಹಿಡಿದು, ಮತಕ್ಕೆ ಹಾಕಿಸಿ, 41ಕ್ಕೆ 68ರಂತೆ ಸೋತರು. ನಜೀರುದ್ದೀನ್ ಅಹಮದ್ ಎಂಬುವರು ಅಲ್ಪವಿರಾಮಕ್ಕೂ ತಿದ್ದುಪಡಿ ತರುತ್ತಿದ್ದರು. ಸೂಚನೆ ಕೊಟ್ಟ ತಿದ್ದುಪಡಿಗಳು ಒಟ್ಟು 7,635, ಮಂಡನೆಯಾದದ್ದು 2,473. ಅಷ್ಟನ್ನೂ ಕೇಳಿಸಿಕೊಂಡ ಅಂಬೇಡ್ಕರರು ಕೊನೆಯ ಭಾಷಣದಲ್ಲಿ ಕಾಮತರನ್ನೂ ಇನ್ನೂ ಕೆಲವರನ್ನೂ ಬಂಡಾಯಗಾರರೆಂದು ಹೆಸರಿಟ್ಟು ಕರೆದು, ಇವರಿಲ್ಲದಿದ್ದರೆ ಸಭೆ ಸಪ್ಪೆಯಾಗುತ್ತಿತ್ತು ಎಂದು ಕೃತಜ್ಞತೆ ಹೇಳಿದರು. ನಾವು ಸಮೋಸ ತಿಂದೆವು. ನಮ್ಮ ಬೆಂಚಿನ ನಾಲ್ವರಿಗೂ ಎಪ್ಪತ್ತು ದಾಟಿದೆ. ಪಕ್ಕದ ಬೆಂಚಿನ ಹುಡುಗರು ತಂತಮ್ಮ ಫೋನಿನಲ್ಲಿ ಅವರವರ ಸಿಟ್ಟನ್ನು ಅವರವರಂಥವರಿಗೇ ಕಳಿಸುತ್ತ ಕೂತಿರುತ್ತಾರೆ. ಅಲ್ಲಿ ಎದುರಿಗೆ ಕೂತು ಯಾವ ವಿಧಿ ಎಂದು ಕೇಳುವವರಿಲ್ಲ.

ಮಹಾಸಭೆಯ ಮರುದಿನದಿಂದ ರಾಯರು ಸರ್ವೀಸ್ ಲಿಫ್ಟು ಹತ್ತತೊಡಗಿದರು. ಪ್ರತಿಭಟನೆ ಎಂದು ನಾವು ತಿಳಿದೆವು. ಅವರಿಗೆ ಅಲ್ಲಿ ಹೊಸ ಶ್ರೋತೃಗಳು ಸಿಕ್ಕಿದ್ದು ಆಮೇಲೆ ಗೊತ್ತಾಯಿತು. ಊಟ ತರುವ ಹುಡುಗರು, ಸಿಲಿಂಡರಿನವರು, ಸೆಮ್ಮಂಜೇರಿಯ ಕಡೆಯಿಂದ ಬರುವ ಮನೆಗೆಲಸದ ಹೆಂಗಸರು. ರಾಯರ ತಮಿಳು ಅರ್ಧ ಕನ್ನಡ, ಆ ಲಿಫ್ಟು ನಿಧಾನ. ನಮ್ಮ ಮನೆಯ ಅಕ್ಕ ದಿನಾ ತಡವಾಗಿ ಬರತೊಡಗಿದಳು. ಕೇಳಿದರೆ “ತಾತಾ ಪೇಸಿನಾರು” ಎನ್ನುತ್ತಿದ್ದಳು. ಒಂದು ದಿನ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಇನ್ನು ಮೇಲೆ ಭಾನುವಾರ ಬರುವುದಿಲ್ಲ, ಸಂಬಳ ಹಿಡಿಯಬಾರದು ಎಂದಳು. ನಾನು ನಕ್ಕು, ತಮಾಷೆಗೆ, ಯಾವ ವಿಧಿ ಪ್ರಕಾರ ಎಂದೆ.

“ಇರುವತ್ತಿ ಮೂಣು” ಎಂದಳು.

ನೋಡಿದೆ. 23, ಬಿಟ್ಟಿ ಚಾಕರಿ ನಿಷೇಧ. ಖಾಸಗಿಯವರಿಗೂ ಅನ್ವಯ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೂ ಬಿಟ್ಟಿ ದುಡಿತವೇ ಎಂದು 1982ರಲ್ಲಿ, ಏಷ್ಯಾಡ್ ಕಾಮಗಾರಿಯ ಕೂಲಿಗಳ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟು ಹೇಳಿದೆ. ಆದರೆ ಭಾನುವಾರದ ಸುದ್ದಿ ಅದರಲ್ಲಿ ಎಲ್ಲಿದೆ? ಅದನ್ನೇ ಹಿಡಿದು ರಾಯರ ಮನೆಗೆ ನುಗ್ಗಿದೆ. ಅವರು ಕನ್ನಡಕ ಏರಿಸಿ ಹೇಳಿದರು: “ಇಲ್ಲ, ಒಪ್ಪಿದೆ. ವಿರಾಮದ ಮಾತು ಇರೋದು 43ರಲ್ಲಿ. ಆದರೆ ಅದು ನಿರ್ದೇಶಕ ತತ್ವ ಮಾರಾಯ್ರೇ, ಕೋರ್ಟಿಗೆ ಹೋದರೆ ನಿಲ್ಲಲ್ಲ. ಅದಕ್ಕೇ 23 ಹೇಳಿಕೊಟ್ಟೆ. ನೀವು ಪುಸ್ತಕ ತೆಗೆದು ನೋಡ್ತೀರಿ ಅಂತ ಅಂದ್ಕೊಂಡಿರಲಿಲ್ಲ.”

ಭಾನುವಾರ ಈಗ ಪಾತ್ರೆ ತೊಳೆಯುವವನು ನಾನು.

ಈಶಾನ್ಯ ಮಾರುತ ಶುರುವಾಗಿ ಓಎಂಆರ್ ರಸ್ತೆಯಲ್ಲಿ ನೀರು ನಿಂತೊಡನೆ ರಾಯರು ಮೈಸೂರಿನ ಮಗಳ ಮನೆಗೆ ಹೊರಡುತ್ತಾರೆ. ಮೈಸೂರಿನವರಲ್ಲಿ ಒಂದು ವಿನಂತಿ. ಅವರ ಎದುರು ದೂರು ಹೇಳುವ ಮೊದಲು ವಿಧಿಯ ಸಂಖ್ಯೆ ನೋಡಿಟ್ಟುಕೊಳ್ಳಿ, ಬೆಳಿಗ್ಗೆ ಆರೂವರೆಗೆ ಬಾಗಿಲು ತೆಗೆಯಬೇಡಿ, ಮತ್ತು ಜನವರಿ 26ರೊಳಗೆ ಅವರನ್ನು ನಮಗೆ ವಾಪಸು ಕಳಿಸಿಕೊಡಿ.