ರೋಲ್ ಮಾಮಾನ ಜೊತೆ ಗುಡ್ಡ ಹತ್ತುವವರಿಗೆ

ಜುಲೈ ತಿಂಗಳ ಮಳೆಯಲ್ಲಿ, ಮಸಾಯಿ ಪಠಾರದ ನಟ್ಟನಡುವೆ, ನನ್ನ ಛತ್ರಿಯನ್ನು ಒಂದು ಕ್ಯಾಮೆರಾದ ತಲೆಯ ಮೇಲೆ ಹಿಡಿದು ನಾನು ತೊಯ್ಯುತ್ತ ನಿಂತದ್ದು 22 ನಿಮಿಷ. ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ. ಹಿಂದೆ ಅರಸರಿಗೆ ಛತ್ರ ಹಿಡಿದವರಿಗೆ ಉಂಬಳಿ ಸಿಗುತ್ತಿತ್ತಂತೆ. ಮುಂದಿನ ಕಾಡುಹಾದಿಯಲ್ಲಿ ನನಗೆ ಸಿಕ್ಕದ್ದು ಉಂಬಳ, ಅದೂ ಎಡಗಾಲಿಗೇ ಎರಡು.

ಕ್ಯಾಮೆರಾ ರೋಲ್ ಮಾಮಾನದು. ಇಚಲಕರಂಜಿಯಲ್ಲಿ ಎಂಟು ಪವರ್‌ಲೂಮ್ ಇಟ್ಟವರು. ಹಿರಿಯರು ಬನಹಟ್ಟಿ ಕಡೆಯಿಂದ ನೇಯಲು ಹೋಗಿ ಅಲ್ಲೇ ಉಳಿದವರಾದ್ದರಿಂದ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕ್ಯಾಮೆರಾದ ಮೇಲೆ ಸಿಟ್ಟು ಬಂದಾಗ ಎರಡೂ. ಮಗ್ಗದ ಸದ್ದಿಗೆ ಕಿವಿ ಮಂದವಾಗಿದೆ, ಹಾಗಾಗಿ ಎರಡು ಮೊಳ ದೂರದಲ್ಲಿ ನಿಂತವರಿಗೂ ಆಚೆ ಗುಡ್ಡಕ್ಕೆ ಕೇಳುವಂತೆ ಕೂಗುತ್ತಾರೆ: ‘ಅಲುಗಾಡಬ್ಯಾಡ್ರಿ!’ ಆಚೆ ಗುಡ್ಡದ ಎಮ್ಮೆಗಳು ಕೂಡ ಒಮ್ಮೆ ನಿಂತುಬಿಟ್ಟಿದ್ದವು.

ಮೊಬೈಲ್ ಬಂದ ಮೇಲೆ ಈ ಫಿಲ್ಮ್ ರೋಲ್ ಕ್ಯಾಮೆರಾದವರ ಜಾತಿ ಅಳಿಯಿತು ಎಂದುಕೊಂಡಿದ್ದೆ. ಇಲ್ಲ. ಕೊಲ್ಹಾಪುರದ ಕಾಲೇಜು ಹುಡುಗರೂ ಈಗ ಅಜ್ಜನ ಕಪಾಟು ಕೆದಕಿ ಯಾಶಿಕಾ ಹುಡುಕುತ್ತಿದ್ದಾರೆ. ಲಕ್ಷಣಗಳು ಎಲ್ಲರಿಗೂ ಒಂದೇ. ಫ್ರಿಜ್‌ನಲ್ಲಿ ಮೊಸರಿನ ಪಕ್ಕ ರೋಲ್ ಇರುತ್ತದೆ. ಕ್ಯಾಮೆರಾ ಯಾರ ಕೈಗೂ ಕೊಡುವುದಿಲ್ಲ, ಅದರ ಚೀಲ ಮಾತ್ರ ಎಲ್ಲರ ಹೆಗಲಿಗೂ ಕೊಡುತ್ತಾರೆ. ಊಟಿಯ ಸರ್ಕಾರಿ ಕಾರ್ಖಾನೆಯ ‘ಇಂದು’ ರೋಲಿನ ಮಾತು ಬಂದರೆ ಕಣ್ಣು ತೇವವಾಗುತ್ತದೆ. 2012ರಲ್ಲಿ ಕೊಡ್ಯಾಕ್ ಕಂಪನಿ ದಿವಾಳಿ ಅರ್ಜಿ ಹಾಕಿದ ಸುದ್ದಿ ಪೇಪರಿನಲ್ಲಿ ಬಂದ ದಿನ ಮಾಮಾ ಊಟ ಬಿಟ್ಟಿದ್ದರು ಎಂದು ಅತ್ತೆ ಇವತ್ತಿಗೂ ಆಡಿಕೊಳ್ಳುತ್ತಾರೆ.

ಮಾಮಾನಿಗೆ ಇನ್ನೊಂದು ಬಲವೂ ಇದೆ. ಕೊಲ್ಹಾಪುರದ ಖರಿ ಕಾರ್ನರ್‌ನಲ್ಲಿ ಬಾಬುರಾವ್ ಪೇಂಟರ್ ನೆನಪಿಗೆ ನಿಲ್ಲಿಸಿದ ಕ್ಯಾಮೆರಾ ಸ್ತಂಭ. ಪನ್ಹಾಳಕ್ಕೆ ಹೊರಟರೆ ಮೊದಲು ಅಲ್ಲಿ ಗಾಡಿ ನಿಲ್ಲಬೇಕು, ಭಾಷಣ ಕೇಳಬೇಕು. ‘ನೂರು ವರ್ಷದ ಹಿಂದ ಈ ಮನುಷ್ಯಾ ಇದೇ ಊರಾಗ ತನ್ನ ಕೈಲೆ ಸಿನಿಮಾ ಕ್ಯಾಮೆರಾ ಮಾಡಿದಾ. ಅದರಾಗ ಸೈರಂಧ್ರಿ ತಗದಾ, 1920ರಾಗ. ನೀವು ಛತ್ರಿ ಹಿಡ್ಯಾಕ ಸುಸ್ತ ಅಂತೀರಿ!’ ಇದಕ್ಕೆ ಉತ್ತರ ನನ್ನಲ್ಲಿಲ್ಲ.

ಆ ಜುಲೈನಲ್ಲಿ ನಮ್ಮದು ಪನ್ಹಾಳ ಕೋಟೆಯ ರಾಜದಿಂಡಿಯಿಂದ ಪಾವನಖಿಂಡಕ್ಕೆ ಎರಡು ದಿನದ ನಡಿಗೆ. 1660ರ ಜುಲೈನಲ್ಲಿ ಶಿವಾಜಿ ಮಹಾರಾಜರು ಸಿದ್ದಿ ಜೌಹರನ ಮುತ್ತಿಗೆ ತಪ್ಪಿಸಿಕೊಂಡು ಒಂದು ರಾತ್ರಿ ಇದೇ ಹಾದಿ ಹಿಡಿದು ಮರುದಿನ ವಿಶಾಲಗಡ ಮುಟ್ಟಿದರು. ಮೇಲೆ ಮಳೆ, ಬೆನ್ನಿಗೆ ಶತ್ರು. ಖಿಂಡಿಯಲ್ಲಿ ಅವರ ಸರದಾರ ಬಾಜಿಪ್ರಭು ಪ್ರಾಣ ಕೊಟ್ಟು ತಡೆದ. ನಮ್ಮ ಬೆನ್ನಿಗೆ ಯಾರೂ ಇರಲಿಲ್ಲ. ಹಾಗಾಗಿ ಮಧ್ಯಾಹ್ನವಾದರೂ ಮಸಾಯಿ ದೇವಿಯ ಗುಡಿ ದಾಟಿರಲಿಲ್ಲ. ಮಾಮಾ ಕಣ್ಣು ಕ್ಯಾಮೆರಾಕ್ಕೆ ಅಂಟಿಸಿ, ‘ಮುಳ್ಳು ಏಳವಲ್ದು’ ಎನ್ನುತ್ತಿದ್ದರು. ಬೆಳಕು ಅಳೆಯುವ ಮುಳ್ಳು. ಬಿಸಿಲಿದ್ದರೆ ಎಫ್ 16 ಇಡಬೇಕೆಂಬ ಅವರ ಮಂತ್ರ ಮಂಜಿನಲ್ಲಿ ನಡೆಯಲಿಲ್ಲ. ನಾವು ಎಂಟು ಜನ ಹಲ್ಲು ಕಿರಿದು ನಿಂತೆವು, ಹಲ್ಲು ಒಣಗಿ ಬಾಯಿ ಮುಚ್ಚಿದೆವು, ಮತ್ತೆ ಕಿರಿದೆವು. ಕೊನೆಗೊಮ್ಮೆ ‘ಖಟ್’. ಕಣ್ಣು ಮುಚ್ಚಿದ್ದೆ, ಇನ್ನೊಂದು ತೆಗೀರಿ ಎಂದೆ. ‘ಒಂದಕ್ಕ ಎಷ್ಟ ಬೀಳ್ತೈತಿ ಗೊತ್ತೈತೇನು?’ ಎಂದವರೇ ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಸುತ್ತಿದರು.

ಹೀಗೆ ಎರಡು ದಿನ. ಪಾಂಢರಪಾಣಿ ಹತ್ತಿರ ಬರುವಾಗ ಲೆಕ್ಕ 36 ಮುಟ್ಟಿತು. ರೋಲಿನಲ್ಲಿರುವುದೇ 36. ರೋಲ್ ಸರಿಸುವ ಸನ್ನೆಕೋಲು ಮಾತ್ರ ತಿರುಗುತ್ತಲೇ ಇತ್ತು. 37 ಬಂದಾಗ ಮಾಮಾ, ‘ಕಂಪನಿಯವ್ರು ಒಂದ ಹೆಚ್ಚ ಕೊಟ್ಟಾರ’ ಎಂದರು. 38ಕ್ಕೆ, ‘ಪುಣ್ಯಾತ್ಮರು’ ಎಂದರು. 39ಕ್ಕೆ ಮಾತು ನಿಂತಿತು. 41ಕ್ಕೆ ಒಂದು ಬಂಡೆಯ ಮೇಲೆ ಕುಳಿತು, ಮೇಲಿನ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದರು. ಬಾವಿಗೆ ಬಿಟ್ಟ ಹಗ್ಗದ ತುದಿಯಲ್ಲಿ ಕೊಡವೇ ಇಲ್ಲದಿದ್ದರೆ ರಾಟೆ ಹೇಗೆ ತಿರುಗುತ್ತದೋ ಹಾಗೆ ಹಗುರವಾಗಿ ತಿರುಗಿತು. ಪನ್ಹಾಳದಲ್ಲಿ ರೋಲ್ ಹಾಕುವಾಗ ಅದರ ನಾಲಿಗೆ ಎದುರಿನ ಗಾಲಿಯ ಸೀಳಿಗೆ ಸಿಕ್ಕೇ ಇರಲಿಲ್ಲ. ಹರಿದ ಎಳೆಯನ್ನು ಕತ್ತಲಲ್ಲಿ ಗಂಟು ಹಾಕುವ ನೇಕಾರನ ಕೈ! ಎರಡು ದಿನ, 41 ಸಲ, ಎಂಟು ಜನ ನಕ್ಕದ್ದು ಗಾಳಿಗೆ.

ಯಾರೂ ನಗಲಿಲ್ಲ. ನಗಬೇಕೆಂದು ಎಷ್ಟು ಆಸೆಯಾಗಿತ್ತೆಂದರೆ ನಾನು ಬೂಟಿನ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದೆ. ಮಾಮಾ ಮಾತ್ರ ಹಿಂಬಾಗಿಲು ತೆಗೆದು, ಹೊಚ್ಚಹೊಸದಾಗಿ ಕುಳಿತಿದ್ದ ರೋಲ್ ನೋಡಿ, ಮಗ ಪಾಸಾದವರಂತೆ ಕೂಗಿದರು: ‘ರೋಲ್ ಉಳೀತಲೇ!’

ಮತ್ತೆ ಹಾಕಿಕೊಂಡರು. ಖಿಂಡಿಯ ಹಳ್ಳದ ಬಳಿ ಮತ್ತೆ ಮುಳ್ಳು ಏಳಲಿಲ್ಲ, ಮತ್ತೆ ನಿಂತೆವು. ಈ ಸಲ ಯಾರಿಗೂ ಕಿರಿಯಲು ಹಲ್ಲು ಉಳಿದಿರಲಿಲ್ಲ. ಗಡಹಿಂಗ್ಲಜದ ನಿವೃತ್ತ ಮಾಸ್ತರರು ಬೇಸತ್ತು ಕಲ್ಲಿನ ಮೇಲೆ ಕುಳಿತು, ಧಪಾಟಿಗೆ ಶೇಂಗಾ ಚಟ್ನಿ ಹಚ್ಚುತ್ತ, ಹಳ್ಳದ ನೀರು ನೋಡುತ್ತಿದ್ದರು. ಆಗ ಬಿತ್ತು ‘ಖಟ್’.

ಮುಂದೆ ಆ ರೋಲ್ ಮುಗಿಯಲು ದೀಪಾವಳಿ ಬರಬೇಕಾಯಿತು, ಮುಂಬೈಗೆ ಕೊರಿಯರ್ ಹೋಗಿ ತೊಳೆದು ಬರಲು ಇನ್ನೊಂದು ತಿಂಗಳು. ಅಷ್ಟರಲ್ಲಿ ನನ್ನ ಮೊಬೈಲಿನಲ್ಲಿ ಆ ನಡಿಗೆಯ 612 ಫೋಟೊ ಎಲ್ಲರಿಗೂ ಹಂಚಿ, ಎಲ್ಲರೂ ಮರೆತೂ ಆಗಿತ್ತು.

ಮಾಸ್ತರರು ಹೋದ ವರ್ಷ ತೀರಿಕೊಂಡರು. ಅವರ ಮಗ ಒಂದು ಒಳ್ಳೆಯ ಫೋಟೊ ಕೇಳಿದ. ರಾತ್ರಿ ಒಂದರವರೆಗೆ ಮೊಬೈಲ್ ಉಜ್ಜಿದೆ. ಸಿಕ್ಕ ಹದಿನಾಲ್ಕರಲ್ಲಿಯೂ ಮಾಸ್ತರರು ಹೆಬ್ಬೆರಳು ಎತ್ತಿ ಯಾರದೋ ನಗು ನಗುತ್ತಿದ್ದರು. ಕೊನೆಗೆ ಮಗ ಇಚಲಕರಂಜಿಗೆ ಹೋದ. ಈಗ ಗಡಹಿಂಗ್ಲಜದ ಅವರ ಪಡಸಾಲೆಯಲ್ಲಿ ಧಪಾಟಿ ಹಿಡಿದ ಮಾಸ್ತರರು ಹಳ್ಳ ನೋಡುತ್ತ ಕುಳಿತಿದ್ದಾರೆ, ತರಗತಿ ಬಿಟ್ಟ ಮೇಲೆ ಕಿಟಕಿಯ ಬಳಿ ಕೂರುತ್ತಿದ್ದಂತೆಯೇ. ಹಿಂದೆ ಪೆನ್ಸಿಲಿನಲ್ಲಿ ‘ಎಫ್ 4, 1/60, ಮೋಡ’ ಎಂದಿದೆ. ಅಷ್ಟು ಹೊತ್ತು ಕಾಯಿಸಿದರೆ ಮುಖದ ಮೇಲಿನ ಫೋಟೊ ಕಳಚಿ ಮುಖ ಉಳಿಯುತ್ತದೆ ಎಂದು ಮಾಮಾನಿಗೆ ಗೊತ್ತಿತ್ತೇ? ಕೇಳಿದೆ. ‘ಯಾವ ಮುಖ? ನಾ ಬೆಳಕ ಕಾಯ್ತಿದ್ದೆ’ ಎಂದು ಕೂಗಿದರು.

ಈ ಜುಲೈಗೂ ಹೊರಟಿದ್ದೇವೆ. ಛತ್ರಿ ನನ್ನದೇ. ರೋಲನ್ನೂ ಈ ಸಲ ನಾನೇ ಹಾಕುವುದೆಂದು ಕರಾರಾಗಿದೆ.

ಓದುಗರಲ್ಲಿ ಒಂದು ಬೇಡಿಕೆ. ನಿಪ್ಪಾಣಿ, ಸಂಕೇಶ್ವರ, ಗಡಹಿಂಗ್ಲಜ ಕಡೆ ಯಾರ ಅಟ್ಟದ ಮೇಲಾದರೂ ರೋಲ್ ಬರುತ್ತಿದ್ದ ಆ ಕಪ್ಪು ಡಬ್ಬಿ, ಬೂದು ಮುಚ್ಚಳದ್ದು, ಇದ್ದರೆ ಎಸೆಯಬೇಡಿ. ಮಳೆಗೆ ರೋಲ್ ತೊಯ್ಯದಂತೆ ಇಡಲು ಮಾಮಾನಿಗೆ ಬೇಕಂತೆ. ನಮ್ಮ ಮನೆಯಲ್ಲಿ ಎರಡಿವೆ. ಒಂದರಲ್ಲಿ ಅವ್ವನ ಅರಿಷಿಣ, ಇನ್ನೊಂದರಲ್ಲಿ ಕುಂಕುಮ. ಅವನ್ನು ಕೇಳುವ ಧೈರ್ಯ ಮಾಮಾನಿಗೂ ಇಲ್ಲ.