ಸಂಪಿನೊಳಗಿನ ದೆವ್ವ

(ಚಿಕ್ಕಬಾಣಾವರದ ಬಾಡಿಗೆ ಮನೆ. ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನ ಮುಂದೆ ಮೂವರು.)

ಬಾಡಿಗೆದಾರ: ಓನರ್ ಸಾರ್, ಈ ತಿಂಗಳು 210 ಯೂನಿಟ್! ಗೃಹಜ್ಯೋತಿ ಫ್ರೀ ಕರೆಂಟ್ 200ಕ್ಕೇ ಮುಗೀತು. ಹತ್ತು ಯೂನಿಟ್ ದಾಟಿದ್ದಕ್ಕೆ ಪೂರ್ತಿ ಬಿಲ್ ನನ್ನ ತಲೆಗೆ!

ಮಾಲೀಕರು: ಗೀಸರ್ ಇದೆಯಲ್ರೀ. 2 ಕಿಲೋವ್ಯಾಟಿಂದು ಒಂದು ಗಂಟೆ ಓಡಿದರೆ 2 ಯೂನಿಟ್.

ಬಾಡಿಗೆದಾರ: ಅದು ದೀಪಾವಳಿಯಿಂದ ಕೆಟ್ಟಿದೆ. ರಿಪೇರಿ ಮಾಡಿಸಿಕೊಡಿ ಅಂತ ನಿಮಗೇ ಹೇಳಿದ್ದೆ.

ಮಾಲೀಕರು: ಹಾಗಾದ್ರೆ ಫ್ರಿಜ್. ಇಲ್ಲಾ ನಿಮ್ಮತ್ತೆ ನೋಡೋ ಸೀರಿಯಲ್.

ಎಲೆಕ್ಟ್ರಿಷಿಯನ್: ಇವರ ಮನೆ ಮೇನ್ ಆಫ್ ಮಾಡಿದ್ದೀನಿ. ಆದ್ರೂ ಮೀಟರ್ ದೀಪ ಮಿಟುಕ್ತಾನೇ ಇದೆ ನೋಡಿ.

ಮಾಲೀಕರು: ದೆವ್ವ ಹಿಡಿದಿರಬೇಕು. ಹೋಮ ಮಾಡಿಸೋಣ, ಖರ್ಚಲ್ಲಿ ಅರ್ಧ ನಿಮ್ಮದು.

ಎಲೆಕ್ಟ್ರಿಷಿಯನ್: ದೆವ್ವ ಸಂಪಿನಲ್ಲಿದೆ ಸಾರ್. ಮೋಟರ್ ಆಫ್ ಮಾಡಿದೆ... ದೀಪ ನಿಂತೋಯ್ತು! ಇವರ ಮೀಟರಿಂದಲೇ ನಿಮ್ಮ ಮೋಟರಿಗೆ ವೈರ್ ಎಳೆದಿದ್ದಾರೆ. 1 ಎಚ್‌ಪಿ ಅಂದ್ರೆ 746 ವ್ಯಾಟ್. ದಿನಾ 2 ಗಂಟೆ ಓಡಿದರೆ ತಿಂಗಳಿಗೆ 45 ಯೂನಿಟ್ ಹತ್ತಿರ.

ಮಾಲೀಕರು: 2023ರಿಂದ ಸರ್ಕಾರವೇ ಫ್ರೀ ಕರೆಂಟ್ ಕೊಡ್ತಿದೆ, ಇವರ ಜೇಬಿಂದೇನು ಹೋಗುತ್ತೆ ಅಂದ್ಕೊಂಡೆ.

ಬಾಡಿಗೆದಾರ: ನೀರಿಗೆ ಅಂತ ತಿಂಗಳಾ ದುಡ್ಡು ಬೇರೆ ತಗೊಳ್ತೀರಲ್ಲ?

ಮಾಲೀಕರು: ಅದು ನೀರಿಗೆ ಕಣ್ರೀ, ಟ್ಯಾಂಕಿಗೆ ಏರಿಸೋದಕ್ಕಲ್ಲ!

ಬಾಡಿಗೆದಾರರೇ, ಅಡ್ವಾನ್ಸ್ ಎಣಿಸುವ ಮುನ್ನ ಮನೆಯ ಮೇನ್ ಆಫ್ ಮಾಡಿ ಮೀಟರ್ ನೋಡಿ. ದೀಪ ಮಿಟುಕುತ್ತಿದ್ದರೆ ಮೊದಲು ವೈರ್ ಬಿಡಿಸಿ, ಆಮೇಲೆ ಹಾಲು ಉಕ್ಕಿಸಿ.